ಹಂಚಿಕೆ ತೆಗೆದ ಮೇಲೆ ಬಂದ ಅಮಾವಾಸ್ಯೆ

"ಏನೂ ಆಗಲ್ಲ ಮೇಡಂ" ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಎರಡು ತಿಂಗಳಲ್ಲಿ ಅದನ್ನು ಮಾಲೂರಿನಲ್ಲಿ ಕೇಳಿದೆ, ಮುಳಬಾಗಿಲಿನಲ್ಲಿ ಕೇಳಿದೆ, ಗೌನಿಪಲ್ಲಿಯಲ್ಲಿ ತೆಲುಗಿನಲ್ಲೂ ಕೇಳಿದೆ. ಎಲ್ಲರಿಗಿಂತ ಜೋರಾಗಿ ಹೇಳಿದವಳು ಮಾತ್ರ ನಾನೇ.

ಕೋಲಾರದ ಒಂದು ಲ್ಯಾಬ್ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಕಂಪನಿಯ ಯಜಮಾನರಿಗೆ ಮಾಲೂರಿನಲ್ಲೊಬ್ಬ ಪಾಲುದಾರರಿದ್ದರು. ಇವರದು ಲ್ಯಾಬು, ಅವರದು ವಕ್ಕಲೇರಿ, ಬೈರಕೂರು, ಗೌನಿಪಲ್ಲಿ ಕಡೆಯ ಸಣ್ಣ ಕ್ಲಿನಿಕ್ಕುಗಳು. ಇಬ್ಬರೂ ಜಗಳವಾಡಿಕೊಂಡು ಬೇರೆಯಾದರು. ಕಾರಣ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಯಜಮಾನರು ನನ್ನನ್ನು ಕರೆದು ಹೇಳಿದ್ದು ಇಷ್ಟೇ: "ತಿಂಗಳ ಕೊನೆಯೊಳಗೆ ನಮಗೂ ಅವರಿಗೂ ನಡುವೆ ಒಂದು ತಂತಿ ಕೂಡ ಇರಬಾರದು ಕಣಮ್ಮ. ಇದ್ರೆ ನಿನ್ನನ್ನೇ ಕೇಳ್ತೀನಿ."

ತಂತಿ ಎಲ್ಲಿ ಬಂತು! ಇದ್ದದ್ದು ಕ್ಲೌಡ್‌ನಲ್ಲಿ ಎರಡು ಖಾತೆ, ನಮ್ಮದೊಂದು, ಅವರದೊಂದು. ನಮ್ಮ ಖಾತೆಯ ನೆಟ್‌ವರ್ಕಿನಲ್ಲಿ ಸಬ್‌ನೆಟ್ ಅನ್ನುವ ಮೂರು ತುಂಡುಗಳನ್ನು ಅವರ ಖಾತೆಯೊಂದಿಗೆ ಹಂಚಿಕೊಂಡಿದ್ದೆವು. ಸೈಟು ನಮ್ಮದು, ಅದರ ಮೇಲೆ ಕಟ್ಟಿದ ಮನೆಗಳು ಅವರವು ಅಂದುಕೊಳ್ಳಿ. ಮನೆ ಅಂದರೆ ಅವರ ಸರ್ವರ್‌ಗಳು. ಹಂಚಿಕೆ ನಿಲ್ಲಿಸಿದ ತಕ್ಷಣ ಕಟ್ಟಿದ ಮನೆ ಬೀಳುವುದಿಲ್ಲ, ಒಳಗಿನ ದೀಪವೂ ಆರುವುದಿಲ್ಲ. ಆದರೆ ಹೊಸದಾಗಿ ಒಂದು ಇಟ್ಟಿಗೆ ಇಡುವಂತಿಲ್ಲ. ಹಳೆಯದನ್ನು ಅವರೇ ಕೆಡವಿಕೊಂಡರೆ ಅದೇ ಜಾಗದಲ್ಲಿ ಮತ್ತೆ ಕಟ್ಟಿಕೊಳ್ಳಲು ಆಗುವುದಿಲ್ಲ. ಈ ನಿಯಮವನ್ನು ನಾನು ಎರಡು ಸಲ ಓದಿ, ಪುಸ್ತಕದಲ್ಲಿ ಬರೆದುಕೊಂಡು, ಕೆಳಗೆ ಗೆರೆ ಎಳೆದಿದ್ದೆ. ಗೆರೆ ಎಳೆದರೆ ಸಾಕೇ?

ಮೊದಲ ವಾರ ಪಟ್ಟಿ ಮಾಡುವುದರಲ್ಲೇ ಹೋಯಿತು. ಮೂರು ಸಬ್‌ನೆಟ್‌ಗಳಲ್ಲಿ ಇರುವ ಒಂದೊಂದು ವಿಳಾಸವೂ ಯಾವ ಖಾತೆಗೆ ಸೇರಿದ್ದು ಎಂದು ಹುಡುಕಿದೆ. ಅವರ ಹದಿನಾಲ್ಕು ಸರ್ವರ್‌ಗಳು ನಮ್ಮ ಸೈಟಿನಲ್ಲಿ ಕೂತಿದ್ದವು. ಅವನ್ನೆಲ್ಲ ಅವರದೇ ಹೊಸ ನೆಟ್‌ವರ್ಕಿಗೆ ಸಾಗಿಸಬೇಕಿತ್ತು. ಮಾಲೂರಿನವರು ಆ ಹೊಸ ನೆಟ್‌ವರ್ಕನ್ನು ಮಾಡಿದ್ದು ಹೇಗೆ ಗೊತ್ತೇ? ನಮ್ಮದನ್ನೇ ನೋಡಿ ವಿಳಾಸಗಳ ಸಾಲನ್ನು ಹಾಗೇ ನಕಲು ಹೊಡೆದಿದ್ದರು. ಎರಡೂ ಕಡೆ ಒಂದೇ ವಿಳಾಸವಿದ್ದರೆ ಒಂದಕ್ಕೊಂದು ಜೋಡಿಸುವುದು ಹೇಗೆ, ಮಾಹಿತಿ ದಾಟಿಸುವುದು ಹೇಗೆ? ಅವರ ಮ್ಯಾನೇಜರಿಗೆ ಫೋನ್ ಮಾಡಿ ಬೈದೆ. "ಏನೂ ಆಗಲ್ಲ ಮೇಡಂ, ಸರಿ ಮಾಡ್ತೀವಿ" ಎಂದರು. ಅದನ್ನು ಕೆಡವಿ ಹೊಸದಾಗಿ ಮಾಡುವುದರೊಳಗೆ ನಾಲ್ಕು ದಿನ ಹಾಳಾಯಿತು.

ಮೂರು ವಾರದಲ್ಲಿ ಹದಿಮೂರು ಸರ್ವರ್ ದಾಟಿದವು. ಹದಿನಾಲ್ಕನೆಯದು ದಾಟಲಿಲ್ಲ. ಅದು ಇಸಿಜಿ ಸ್ವೀಕರಿಸುವ ಸರ್ವರ್.

ಅದನ್ನು ಸರಿಯಾಗಿ ತಿಳಿದುಕೊಳ್ಳಲು ನಾನೇ ಗೌನಿಪಲ್ಲಿಗೆ ಹೋಗಿದ್ದೆ. ಅಲ್ಲಿನ ಕ್ಲಿನಿಕ್ಕಿನಲ್ಲಿ ದಿನವಿಡೀ ಇರುವವರು ಒಬ್ಬ ಸಿಸ್ಟರ್ ಮಾತ್ರ. ವೈದ್ಯರು ಬರುವುದು ಮಧ್ಯಾಹ್ನದ ಮೇಲೆ. ಮೇಜಿನ ಮೇಲೆ ಟಿಫಿನ್ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ. ಅದರಿಂದ ಹೊರಟ ವೈರುಗಳನ್ನು ರೋಗಿಯ ಎದೆಗೆ ಅಂಟಿಸಬೇಕು. ಪೆಟ್ಟಿಗೆಗೆ ಪರದೆಯಿಲ್ಲ, ಕಾಗದದ ಸುರುಳಿಯೂ ಇಲ್ಲ. ಹೃದಯದ ಗೆರೆ ಕಾಣುವುದು ಕೋಲಾರದಲ್ಲಿ ಕೂತ ಹೃದಯದ ಡಾಕ್ಟರ ಪರದೆಯ ಮೇಲೆ ಮಾತ್ರ. ಪೆಟ್ಟಿಗೆಯ ಮೇಲೆ ಕುಂಕುಮದ ಬೊಟ್ಟು, ಒಣಗಿದ ಚೆಂಡುಹೂವು ಇದ್ದವು. ನೋಡಿದೆ. ಅದರಲ್ಲೇನು ವಿಶೇಷ, ನಮ್ಮನೆಯ ಮಿಕ್ಸಿಯ ಮೇಲೂ ಇದೆ.

"ಎದೆನೋವು ಅಂತ ಬಂದೋರಿಗೆ ಈ ಡಬ್ಬೀನೇ ಗತಿ ಮೇಡಂ," ಎಂದರು ಸಿಸ್ಟರ್. "ಗೆರೆ ಹೋಗ್ತದೆ, ಅಲ್ಲಿ ಡಾಕ್ಟ್ರು ನೋಡ್ತಾರೆ. ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡು ಅಂದ್ರೆ ಕೊಡ್ತೀನಿ, ಬೇಡ ಅಂದ್ರೆ ಮುಟ್ಟಲ್ಲ. ಹಾರ್ಟ್ ಅಲ್ದೇ ಇರೋರಿಗೆ ಅದನ್ನ ಕೊಟ್ರೆ ರಕ್ತ ಸೋರಿ ಸತ್ತೇ ಹೋಗ್ಬೋದು."

"ಡಬ್ಬಿ ನಿಂತ್ರೆ?"

"ನಿಂತ್ರೆ ಗಾಡಿ ಹತ್ತಿಸಿ ಕೋಲಾರಕ್ಕೆ ಕಳಿಸ್ಬೇಕು. ಒಂದೂವರೆ ಗಂಟೆ ಆಗ್ತದೆ. ಅಷ್ಟು ಹೊತ್ತು ಎಲ್ಲರ ಹತ್ರಾನೂ ಇರಲ್ಲ."

ನಾನು ನನ್ನ ಫೋನ್ ನಂಬರ್ ಬರೆದುಕೊಟ್ಟು, "ಏನೂ ಆಗಲ್ಲ, ಆದ್ರೆ ನೇರ ನನಗೇ ಮಾಡಿ" ಎಂದೆ.

ಪೆಟ್ಟಿಗೆ ತನ್ನ ಗೆರೆಯನ್ನು ಕಳಿಸುವ ವಿಳಾಸ ಅದರ ಹೊಟ್ಟೆಯೊಳಗೇ ಕೂತಿತ್ತು. ಆ ವಿಳಾಸ ನಮ್ಮ ಸೈಟಿನದು. ಬದಲಾಯಿಸಲು ಪೆಟ್ಟಿಗೆ ಮಾರಿದ ಕಂಪನಿಯ ತಂತ್ರಜ್ಞನೇ ತನ್ನ ಕೇಬಲ್ ಹಿಡಿದುಕೊಂಡು ಊರೂರಿಗೆ ಬರಬೇಕು. ಆತ ಇವತ್ತು ನಾಳೆ ಎನ್ನುತ್ತಲೇ ಇದ್ದ.

ಕ್ಲಿನಿಕ್ಕಿನ ಎದುರು ಒಂದು ಸಣ್ಣ ಹೋಟೆಲು. ಅದನ್ನು ನಡೆಸುವ ಹೆಂಗಸಿಗೆ ಊರೆಲ್ಲ ಹೋಟೆಲಮ್ಮ ಎನ್ನುತ್ತಾರೆ. ಐವತ್ತು ದಾಟಿದ, ಗಟ್ಟಿ ಗಂಟಲಿನ ಹೆಂಗಸು. ಹಬೆಯಾಡುವ ಇಡ್ಲಿ ಪಾತ್ರೆಯನ್ನು ಒಲೆಯಿಂದ ಒಬ್ಬಳೇ ಎತ್ತಿ ಕೆಳಗಿಟ್ಟಿದ್ದನ್ನು ನೋಡಿ ನಾನು ಬಾಯಿ ಬಿಟ್ಟೆ.

"ಏಂ ಮೇಡಂ, ಹಂಗೆ ನೋಡ್ತೀರ? ಕೋಲಾರದಲ್ಲಿ ಊಟ ಹಾಕಲ್ವಾ ನಿಮ್ಗೆ? ಗಾಳಿ ಬಂದ್ರೆ ಹಾರ್ಕೊಂಡ್ ಹೋಗ್ತೀರ," ಎಂದು ನಾನು ಕೇಳದೆಯೇ ಇನ್ನೆರಡು ಇಡ್ಲಿ ಬಡಿಸಿದಳು. ಬೇಡವೆಂದರೆ ಬಿಡುವ ಜಾತಿಯಲ್ಲ. "ತಿನ್ನಮ್ಮಾ, ಏಮೀ ಕಾದು" ಎಂದು ಗದರಿದಳು. ಏನೂ ಆಗಲ್ಲ ಅನ್ನುವುದಕ್ಕೆ ಆ ಕಡೆಯ ತೆಲುಗು ಅದು.

ತಿಂಗಳ ಕೊನೆ ಬಂತು. ತಂತ್ರಜ್ಞ ಬರಲಿಲ್ಲ. ಇನ್ನು ಎರಡು ವಾರ ಬೇಕು ಎಂದ. ಯಜಮಾನರು ಒಂದು ದಿನವನ್ನೂ ಕೊಡಲಿಲ್ಲ. ಆಗ ನಾನೇ ಒಂದು ದಾರಿ ಹೇಳಿದೆ. ಹಂಚಿಕೆ ತೆಗೆಯೋಣ. ಇಸಿಜಿ ಸರ್ವರ್ ನಡೆಯುತ್ತಿರುವ ಹಾಗೆ ನಡೆಯುತ್ತದೆ. ಎರಡು ವಾರ ಅದನ್ನು ಯಾರೂ ಮುಟ್ಟದಿದ್ದರೆ ಸಾಕು. ಪರೀಕ್ಷೆಯನ್ನೂ ಮಾಡಿದೆ: ಒಂದು ಸಣ್ಣ ಸಬ್‌ನೆಟ್ ಹಂಚಿ, ಅದರಲ್ಲೊಂದು ಸರ್ವರ್ ಎಬ್ಬಿಸಿ, ಹಂಚಿಕೆ ತೆಗೆದು ಎರಡು ದಿನ ಕಾದೆ. ಅದು ತಣ್ಣಗೆ ನಡೆಯಿತು.

ಇಸಿಜಿ ಸರ್ವರ್ ನೋಡಿಕೊಳ್ಳುವವರು ಅವರ ಮುಳಬಾಗಿಲು ಆಫೀಸಿನಲ್ಲಿದ್ದರು. ಅರ್ಚಕರ ಮನೆತನ. ಬೆಳಿಗ್ಗೆ ಗುಡಿಯ ಪೂಜೆ ಮುಗಿಸಿ, ಹಣೆಯ ಗಂಧ ಒಣಗುವ ಮೊದಲೇ ಕಂಪ್ಯೂಟರ್ ಮುಂದೆ ಕೂರುವ ಮನುಷ್ಯ. ಎಲ್ಲರೂ ಅವರನ್ನು ಸ್ವಾಮಿ ಎಂದೇ ಕರೆಯುತ್ತಿದ್ದರು. ಅಚ್ಚುಕಟ್ಟಿನ ಕೆಲಸ, ಒಂದು ದಿನ ತಪ್ಪಿದವರಲ್ಲ. ಅವರಿಗೆ ಫೋನ್ ಮಾಡಿ ಕೇಳಿದೆ.

"ಸ್ವಾಮಿ, ಇಸಿಜಿ ಸರ್ವರ್ ತಾನಾಗೇ ಅಳಿಸಿಕೊಂಡು ಹೊಸದಾಗಿ ಹುಟ್ಟೋ ಹಾಗೆ ಆಟೋಮ್ಯಾಟಿಕ್ ಏನಾದ್ರೂ ಇಟ್ಟಿದ್ದೀರಾ?"

"ಆಟೋಮ್ಯಾಟಿಕ್ ಏನೂ ಇಲ್ಲ ಮೇಡಂ."

"ಖಂಡಿತಾನಾ?"

"ಖಂಡಿತ. ಏನೂ ಆಗಲ್ಲ, ನೀವು ಮಾಡಿ."

ಅವರು ಹೇಳಿದ್ದು ಸತ್ಯವೇ. ಹಂಚಿಕೆ ತೆಗೆದ ಮೇಲೆ ಹೊಸ ಸರ್ವರ್ ಎಬ್ಬಿಸಲು ಆಗದು, ಹಳೆಯದನ್ನು ಅಳಿಸಬೇಡಿ ಎಂದು ಮಾಲೂರಿನ ಮ್ಯಾನೇಜರಿಗೆ ಮೇಲ್ ಹಾಕಿದೆ. ಪತ್ರವ್ಯವಹಾರವೆಲ್ಲ ಆ ಮ್ಯಾನೇಜರ ಮೂಲಕವೇ ಆಗಬೇಕೆಂದು ಎರಡೂ ಕಡೆಯ ವಕೀಲರ ಅಪ್ಪಣೆಯಾಗಿತ್ತು. ಮ್ಯಾನೇಜರು ಅದನ್ನು ಓದಿದರು. ಮುಳಬಾಗಿಲಿಗೆ ಕಳಿಸಲಿಲ್ಲ. ನಾನು ಸ್ವಾಮಿಗೆ ಬಾಯಲ್ಲಿ ಒಂದು ಮಾತು ಹೇಳಬಹುದಿತ್ತು. ಆಟೋಮ್ಯಾಟಿಕ್ ಇಲ್ಲ ಅಂದ ಮೇಲೆ ಇನ್ನೇನು ಎಂದುಕೊಂಡು ಫೋನ್ ಇಟ್ಟುಬಿಟ್ಟೆ.

ಬೆಳಿಗ್ಗೆ ಹನ್ನೊಂದಕ್ಕೆ ಹಂಚಿಕೆಯ ಪುಟ ತೆರೆದೆ. ಮೂರು ಸಬ್‌ನೆಟ್ ಆರಿಸಿದೆ, ಅವರ ಖಾತೆಯ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಗಟ್ಟಿಯಾಗಿ ಓದಿಕೊಂಡೆ, ತೆಗೆದುಹಾಕು ಎಂದು ಒತ್ತಿದೆ. ಖಚಿತವೇ ಎಂದು ಅದು ಕೇಳಿತು. ಹೌದೆಂದೆ. ಪಟ್ಟಿ ಖಾಲಿಯಾಯಿತು. ಇಸಿಜಿ ಸರ್ವರ್‌ನ ಹಸಿರು ಚುಕ್ಕೆ ಹಸಿರಾಗಿಯೇ ಇತ್ತು. ಯಜಮಾನರು ಬಂದು ನೋಡಿ, "ಭೇಷ್" ಎಂದು ಹೋದರು.

ಅಲ್ಲಿಂದ ಒಂಬತ್ತು ದಿನ ಏನೂ ಆಗಲಿಲ್ಲ. ನನಗೆ ಮಾತ್ರ ಸಮಾಧಾನವಿರಲಿಲ್ಲ. ಮುರಿದದ್ದು ಕೂಡಲೇ ಸದ್ದು ಮಾಡಿದರೆ ಬೈದು ಸರಿಮಾಡಬಹುದು. ಇಲ್ಲಿ ಸದ್ದೇ ಇಲ್ಲ. ಬೆಳಿಗ್ಗೆ ಬಂದ ಕೂಡಲೇ ಚುಕ್ಕೆ ನೋಡುವುದು, ಮನೆಗೆ ಹೊರಡುವಾಗ ಇನ್ನೊಮ್ಮೆ ನೋಡುವುದು. ಅವರ ಸರ್ವರ್‌ಗಳ ಗ್ರಾಫ್ ನೋಡುವ ಹಳೆಯ ಅನುಮತಿ ನನಗಿನ್ನೂ ಉಳಿದಿತ್ತು. ಇಸಿಜಿ ಸರ್ವರ್‌ನ ಮೆಮೊರಿ ದಿನದಿನಕ್ಕೆ ತುಂಬುತ್ತಾ ಇತ್ತು. ಹಿಂದಿನ ತಿಂಗಳುಗಳನ್ನು ತೆಗೆದು ನೋಡಿದೆ. ಪ್ರತಿ ಸಲವೂ ಹೀಗೇ ಏರಿ, ಒಂದು ದಿನ ದಿಢೀರನೆ ತಳಕ್ಕೆ ಬಿದ್ದಿದೆ. ಬಿದ್ದ ದಿನಗಳಿಗೆ ಒಂದು ಲೆಕ್ಕವಿಲ್ಲ. ಒಂದು ತಿಂಗಳು ಹದಿಮೂರನೇ ತಾರೀಕು, ಇನ್ನೊಂದು ತಿಂಗಳು ಹನ್ನೊಂದು, ಅದರಾಚೆ ಹತ್ತು. ಯಂತ್ರ ಮಾಡುವ ಕೆಲಸವಾದರೆ ತಾರೀಕು ಹೀಗೆ ಜಾರುವುದಿಲ್ಲವಲ್ಲ ಎಂದು ತಲೆ ಕೆರೆದುಕೊಂಡೆ. ಮುಳಬಾಗಿಲಿನಲ್ಲಿ ಹುಟ್ಟಿ ಬೆಳೆದವಳು ನಾನು, ಲೆಕ್ಕ ಬರೆಯುವವರ ಮನೆಯ ಮಗಳು, ಗೋಡೆಯ ಮೇಲೆ ಸದಾ ಪಂಚಾಂಗ ನೇತಾಡುತ್ತಿದ್ದ ಮನೆ. ಆದರೂ ಹೊಳೆಯಲಿಲ್ಲ. ಇದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನಿಸುತ್ತದೆ.

ಹತ್ತನೆಯ ದಿನ ಅಮಾವಾಸ್ಯೆ. ನಾನು ಆಫೀಸಿಗೆ ಬಂದಾಗ ಗೇಟಿನಲ್ಲಿ ವಾಚ್‌ಮನ್ ಬೂದುಗುಂಬಳಕ್ಕೆ ಕುಂಕುಮ ತುಂಬುತ್ತಿದ್ದ. ಅದನ್ನು ಬಳಸಿಕೊಂಡು ಒಳಗೆ ಬಂದು ಕೂತೆ. ಹತ್ತೂಕಾಲಿಗೆ ಹೊರಗೆ ಕುಂಬಳ ಒಡೆದ ಸದ್ದು ಕೇಳಿತು. ಹತ್ತು ಇಪ್ಪತ್ತಕ್ಕೆ ಹಸಿರು ಚುಕ್ಕೆ ಬೂದು ಬಣ್ಣವಾಯಿತು. ನಾನು ಕುರ್ಚಿಯಿಂದ ಏಳುವುದರೊಳಗೆ ಕೆಂಪಾಯಿತು.

ಸ್ವಾಮಿಗೆ ಫೋನ್ ಮಾಡಿದೆ. "ಏನ್ ಮಾಡಿದ್ರಿ?"

"ಅಮಾವಾಸ್ಯೆ ಅಲ್ವಾ ಮೇಡಂ, ಹಳೇದನ್ನ ಅಳಿಸ್ದೆ. ಹೊಸದು ಏಳ್ತಾನೇ ಇಲ್ಲ. ಪಟ್ಟೀಲಿ ಸಬ್‌ನೆಟ್ಟೇ ಕಾಣ್ತಿಲ್ಲ, ಏನಿದು?"

"ಅಮಾವಾಸ್ಯೆಗೂ ಅದಕ್ಕೂ ಏನ್ರೀ ಸಂಬಂಧ?"

"ಪ್ರತಿ ಅಮಾವಾಸ್ಯೆ ಹತ್ತರಿಂದ ಹತ್ತೂವರೆಗೆ ಎಲ್ಲಾ ಕ್ಲಿನಿಕ್‌ನಲ್ಲೂ ಮಿಷನ್ ಆಫ್ ಮಾಡಿ ಒರೆಸಿ ಪೂಜೆ ಮಾಡ್ತಾರೆ. ಆ ಹೊತ್ತಲ್ಲಿ ಯಾರೂ ಇಸಿಜಿ ಕಳಿಸಲ್ಲ. ಅದ್ಕೇ ಮೆಮೊರಿ ತುಂಬಿದ ಸರ್ವರ್‌ನ ನಾನು ಆಗಲೇ ಬದಲಾಯಿಸೋದು. ಕೈಯಿಂದಲೇ ಮಾಡ್ತೀನಿ. ನಾಕು ವರ್ಷದಿಂದ ಮಾಡ್ತಾ ಇದ್ದೀನಲ್ಲ."

ಮನೆಯನ್ನು ಅವರೇ ಕೆಡವಿಕೊಂಡಿದ್ದರು, ಸೈಟಿಗೆ ನಾನು ಬೇಲಿ ಹಾಕಿದ್ದೆ.

ಮತ್ತೆ ಹಂಚಿಕೊಳ್ಳಲು ಒಂದು ನಿಮಿಷವೂ ಬೇಡ. ಆದರೆ ಇಬ್ಬರು ಪಾಲುದಾರರ ಸಹಿಯಿಲ್ಲದೆ ಯಾವುದನ್ನೂ ಮತ್ತೆ ಹಂಚಬಾರದೆಂದು ಬೇರೆಯಾಗುವ ಕರಾರಿನಲ್ಲಿ ಬರೆದಿತ್ತು. ಅದರ ಕೆಳಗೆ ನನ್ನ ಸಹಿಯೂ ಇತ್ತು. ಯಜಮಾನರಿಗೆ ಮಾಡಿದೆ, ಫೋನ್ ಆಫ್. ಮಾಲೂರಿನ ಮ್ಯಾನೇಜರಿಗೆ ಮಾಡಿದೆ. "ಮೇಲ್ ಹಾಕಿ ಮೇಡಂ, ವಕೀಲರನ್ನ ಕೇಳಿ ಹೇಳ್ತೀವಿ. ಅರ್ಧ ಗಂಟೆ ನಿಂತ್ರೆ ಏನೂ ಆಗಲ್ಲ." ಮೇಲ್ ಹಾಕಿದೆ. ಮತ್ತೆ ಯಜಮಾನರಿಗೆ ಮಾಡಿದೆ. ಹಂಚಿಕೆಯ ಪುಟ ತೆರೆದಿಟ್ಟುಕೊಂಡು, ಮೂರು ಸಬ್‌ನೆಟ್ ಆರಿಸಿಟ್ಟುಕೊಂಡು, ಮೌಸಿನ ಮೇಲೆ ಬೆರಳಿಟ್ಟುಕೊಂಡು ಕಾದೆ. ಕೆಲಸ ಹೋಗುತ್ತದೆ ಅನ್ನುವ ಭಯ. ಬೇರೆ ಯಾವ ಕಾರಣವೂ ಇರಲಿಲ್ಲ, ಸುಳ್ಳು ಹೇಳಿ ಏನು ಪ್ರಯೋಜನ.

ಹತ್ತು ನಲವತ್ತೊಂದಕ್ಕೆ ಸಿಸ್ಟರ್ ಫೋನ್ ಬಂತು.

"ಮೇಡಂ, ಡಬ್ಬಿ ಗೆರೆ ಕಳಿಸ್ತಾ ಇಲ್ಲ. ಕೆಂಪು ಲೈಟು. ಪೂಜೆ ಮುಗಿಸಿ ಆನ್ ಮಾಡಿದ್ರೆ ಹಿಂಗೇ ಇದೆ. ಹೋಟೆಲಮ್ಮ ಬಂದವ್ರೆ. ದವಡೆ ನೋವು ಅಂತಾರೆ, ಮೈಯೆಲ್ಲ ಬೆವರು. ಡಾಕ್ಟ್ರು ಇನ್ನೊಂದು ಲೈನಲ್ಲಿ ಅವ್ರೆ, ಗೆರೆ ನೋಡ್ದೆ ಇಂಜೆಕ್ಷನ್ ಹೇಳಲ್ಲ ಅಂತಾರೆ."

"ಗಾಡಿ?"

"ಗಾಡಿ ಶ್ರೀನಿವಾಸಪುರಕ್ಕೆ ಹೋಗಿದೆ. ಬರ್ತಾ ಇದೆ."

ಹಿಂದಿನಿಂದ ಹೋಟೆಲಮ್ಮನ ದನಿ ಕೇಳಿತು. ಅಂದು ನನ್ನನ್ನು ಗದರಿಸಿದ ದನಿಯೇ, ಆದರೆ ಉಸಿರು ಸಾಲುತ್ತಿರಲಿಲ್ಲ. "ಗ್ಯಾಸ್ ಕಣಮ್ಮಾ ಇದು... ಏಮೀ ಕಾದು... ಒಲೆ ಮೇಲೆ ಸಾಂಬಾರ್ ಇಟ್ಟು ಬಂದಿದ್ದೀನಿ, ಬಿಡು ನನ್ನ..."

ಒತ್ತಿದೆ. ಯಾರ ಸಹಿಯೂ ಬರಲಿಲ್ಲ, ನಾನೂ ಇನ್ನು ಕೇಳಲಿಲ್ಲ. ಇನ್ನೊಂದು ಫೋನಿನಲ್ಲಿ ಸ್ವಾಮಿಗೆ ಕೂಗಿದೆ: "ಬಂತಾ ಪಟ್ಟೀಲಿ?"

"ಬಂತು, ಬಂತು ಮೇಡಂ."

"ಎಬ್ಬಿಸಿ. ಅದೇ ವಿಳಾಸ ಕೊಡಿ. ಒಂದು ಅಂಕಿ ತಪ್ಪಿದ್ರೂ ಡಬ್ಬಿಗೆ ಗೊತ್ತಾಗಲ್ಲ."

ಅವರು ಅಂಕಿಗಳನ್ನು ಮಂತ್ರದ ಹಾಗೆ ಬಿಡಿಸಿ ಬಿಡಿಸಿ ಓದಿದರು, ನಾನು ಹೂಂ ಹೂಂ ಎಂದೆ. ಸರ್ವರ್ ಏಳಲು ಐದು ನಿಮಿಷ ತೆಗೆದುಕೊಂಡಿತು. ಆ ಐದು ನಿಮಿಷ ಸಿಸ್ಟರ್ ಫೋನ್ ಇಡಲಿಲ್ಲ. "ಅಮ್ಮಾ, ಕಣ್ಣು ಬಿಡಿ, ನನ್ನ ನೋಡಿ" ಎನ್ನುತ್ತಲೇ ಇದ್ದರು. ಹೋಟೆಲಮ್ಮ ಮಾತಾಡುವುದನ್ನು ನಿಲ್ಲಿಸಿದ್ದಳು. ಬೂದು ಚುಕ್ಕೆ, ಮತ್ತೆ ಬೂದು, ಆಮೇಲೆ ಹಸಿರು.

"ಹೋಯ್ತು ಮೇಡಂ, ಗೆರೆ ಹೋಯ್ತು!" ಎಂದರು ಸಿಸ್ಟರ್. ಆಮೇಲೆ ಆ ಕಡೆಯ ಫೋನಿನಿಂದ ಡಾಕ್ಟರ ಒಂದೇ ಮಾತು ನನಗೂ ಕೇಳಿಸಿತು: "ಕೊಡಿ, ಬೇಗ."

ಹೋಟೆಲಮ್ಮ ಬದುಕಿದಳು. ಗಾಡಿ ಬಂತು, ಕೋಲಾರಕ್ಕೆ ಕರೆತಂದರು, ಹನ್ನೊಂದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಮೂರನೇ ದಿನ ಡಾಕ್ಟರನ್ನು ಭೇಟಿಯಾಗಿ ಕೇಳಿದೆ. ಅವರು ನನ್ನನ್ನು ಬೈಯಲಿಲ್ಲ. "ಹೃದಯದ ಒಂದು ಭಾಗ ಹೋಗಿದೆ. ಇನ್ನೂ ಬೇಗ ಇಂಜೆಕ್ಷನ್ ಬಿದ್ದಿದ್ರೆ ಉಳೀತಿತ್ತೋ ಏನೋ, ಖಂಡಿತ ಹೇಳೋಕಾಗಲ್ಲ," ಎಂದರು. ಸ್ವಾಮಿ ಫೋನ್ ತೆಗೆದ ಹೊತ್ತಿನಿಂದ ನಾನು ಒತ್ತಿದ ಹೊತ್ತಿನವರೆಗೆ ಇಪ್ಪತ್ತೊಂದು ನಿಮಿಷ. ನಾನು ಕೂಡಲೇ ಒತ್ತಿದ್ದರೆ ಆಕೆ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವ ಹೊತ್ತಿಗೆ ಚುಕ್ಕೆ ಹಸಿರಾಗಿರುತ್ತಿತ್ತು.

ಯಜಮಾನರು ಸಂಜೆ ಬಂದು ಮೇಜು ಗುದ್ದಿದರು. "ಯಾರನ್ನ ಕೇಳಿ ಮಾಡ್ದೆ?"

"ಕೇಳ್ತಾ ಕೂತಿದ್ದಕ್ಕೇ ತಡ ಆಗಿದ್ದು," ಎಂದೆ. "ಬೇಕಾದ್ರೆ ಕೆಲಸದಿಂದ ತೆಗೀರಿ. ಆದ್ರೆ ತಂತ್ರಜ್ಞ ಬಂದು ವಿಳಾಸ ಬದಲಾಯಿಸೋವರೆಗೆ ಈ ಹಂಚಿಕೆ ನಾನು ತೆಗೆಯಲ್ಲ, ಬೇರೆಯವರಿಗೂ ತೆಗೆಯೋಕೆ ಬಿಡಲ್ಲ." ಅವರು ಎದ್ದು ಹೋದರು. ಕೆಲಸದಿಂದ ತೆಗೆಯಲಿಲ್ಲ.

ಆ ವಾರ ಹಳೆಯ ಮೇಲ್‌ಗಳನ್ನು ಹುಡುಕಿದೆ. ನಾಲ್ಕು ವರ್ಷದ ಹಿಂದೆ ಸ್ವಾಮಿ ನನಗೆ ಬರೆದದ್ದು ಸಿಕ್ಕಿತು. ಅಮಾವಾಸ್ಯೆ ಪೂಜೆಯ ಹೊತ್ತಿನಲ್ಲಿ ಮಿಷನ್‌ಗಳು ಆಫ್ ಇರುತ್ತವೆ, ಆಗಲೇ ಹಳೆಯ ಸರ್ವರ್ ಅಳಿಸಿ ಹೊಸದು ಎಬ್ಬಿಸಲೇ ಎಂದು ಕೇಳಿದ್ದರು. ಕೆಳಗೆ ನನ್ನ ಉತ್ತರವಿತ್ತು: "ಒಳ್ಳೆ ಯೋಚನೆ ಸ್ವಾಮಿ, ಹಾಗೇ ಮಾಡಿ." ಅದನ್ನು ಓದಿ ಬಾತ್‌ರೂಮಿಗೆ ಹೋಗಿ ಅತ್ತೆ.

ತಂತ್ರಜ್ಞನ ಆಫೀಸಿನ ಮುಂದೆ ಹೋಗಿ ಕೂತು ಅವನನ್ನು ನನ್ನ ಜೊತೆಗೇ ಹೊರಡಿಸಿದೆ. ವಕ್ಕಲೇರಿ, ಬೈರಕೂರು, ಗೌನಿಪಲ್ಲಿ, ಸ್ವಾಮಿ ತಮ್ಮ ಹೊಸ ನೆಟ್‌ವರ್ಕಿನಲ್ಲಿ ಎಬ್ಬಿಸಿದ್ದ ಇಸಿಜಿ ಸರ್ವರ್‌ನದಕ್ಕೆ ಪ್ರತಿ ಪೆಟ್ಟಿಗೆಯ ವಿಳಾಸವನ್ನೂ ಎದುರಿಗೆ ನಿಂತು ಬದಲಾಯಿಸಿಕೊಂಡೆ. ಈ ಸಲ ಸ್ವಾಮಿಯನ್ನು ಕೇಳಿದ ಪ್ರಶ್ನೆಯೇ ಬೇರೆ: ಕೈಯಿಂದ ಏನೇನು ಮಾಡುತ್ತೀರಿ, ಯಾವ ದಿನ ಮಾಡುತ್ತೀರಿ, ಯಾಕೆ ಮಾಡುತ್ತೀರಿ? ಅವರು ಪಂಚಾಂಗ ಮುಂದಿಟ್ಟುಕೊಂಡೇ ಉತ್ತರ ಹೇಳಿದರು. ಮುಂದಿನ ಅಮಾವಾಸ್ಯೆಗೆ ಎರಡು ದಿನ ಮೊದಲು ಹಂಚಿಕೆಯನ್ನು ಎರಡನೇ ಸಲ ತೆಗೆದೆ. ಚುಕ್ಕೆ ಹಸಿರಾಗಿತ್ತು. ನಾನು ಅದನ್ನು ನಂಬಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಗೌನಿಪಲ್ಲಿಯಲ್ಲಿದ್ದೆ. ಹೋಟೆಲು ಅರ್ಧ ಬಾಗಿಲು ತೆರೆದಿತ್ತು. ಹೋಟೆಲಮ್ಮ ಸ್ಟೂಲಿನ ಮೇಲೆ ಕೂತು ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದಳು. ಇಳಿದು ಹೋಗಿದ್ದಳು.

"ಮಿಷನ್ ನಿಲ್ಸಿದ್ದು ನೀವೇ ಅಂತಲ್ಲ?" ಎಂದಳು, ಮುಖ ನೋಡದೆ.

"ಹೌದಮ್ಮ. ನಾನೇ."

"ಮತ್ತೆ ಹಚ್ಚಿದ್ದೂ ನೀವೇ ಅಂದ್ರು ಸಿಸ್ಟರ್."

"ಹೌದು. ತಡ ಮಾಡಿ ಹಚ್ಚಿದೆ."

ಆಕೆ ಒಗ್ಗರಣೆಯ ಸೌಟನ್ನು ಚಟ್ನಿಯಲ್ಲಿ ಅದ್ದಿ ತಿರುಗಿಸಿದಳು. ಆಮೇಲೆ ಒಲೆಯ ಕಡೆ ಗದ್ದ ತೋರಿಸಿ, "ಆ ಪಾತ್ರೆ ಇಳಿಸ್ಕೊಡಿ. ನನ್ನ ಕೈಲಾಗಲ್ಲ," ಎಂದಳು. ಬಟ್ಟೆ ಹಿಡಿದು ಎತ್ತಹೋದೆ. ಎರಡು ಕೈಯಲ್ಲೂ ಎತ್ತಲಾಗದಷ್ಟು ಭಾರವಿತ್ತು. ಹೇಗೋ ಇಳಿಸಿದೆ.

ಹತ್ತು ಗಂಟೆಗೆ ಸಿಸ್ಟರ್ ಪೆಟ್ಟಿಗೆ ಆಫ್ ಮಾಡಿ, ಒರೆಸಿ, ಕುಂಕುಮವಿಟ್ಟು ಕರ್ಪೂರ ಬೆಳಗಿದರು. ಅದೇ ಹೊತ್ತಿಗೆ ಮುಳಬಾಗಿಲಿನಲ್ಲಿ ಸ್ವಾಮಿ ಹಳೆಯ ಸರ್ವರ್ ಅಳಿಸಿದರು. ನಾನು ಫೋನ್ ಕಿವಿಗೆ ಹಿಡಿದು ನಿಂತೆ. "ಎದ್ದಿತು ಮೇಡಂ, ನಮ್ಮದೇ ಜಾಗದಲ್ಲಿ," ಎಂದರು. ಹತ್ತೂವರೆಗೆ ಸಿಸ್ಟರ್ ಪೆಟ್ಟಿಗೆ ಹಚ್ಚಿದರು. ಹೋಟೆಲಮ್ಮನಿಗೆ ಅಂದು ತಿಂಗಳ ತಪಾಸಣೆ. ಆಕೆಯೇ ಹಾಸಿಗೆಯ ಮೇಲೆ ಮಲಗಿದಳು, ಸಿಸ್ಟರ್ ವೈರುಗಳನ್ನು ಅಂಟಿಸಿದರು. ಹಸಿರು ಲೈಟು ಬಂತು, ಗೆರೆ ಕೋಲಾರಕ್ಕೆ ಹೋಯಿತು.

ಎರಡು ನಿಮಿಷದಲ್ಲಿ ಸಿಸ್ಟರ್ ಫೋನಿಗೆ ಡಾಕ್ಟರ ಉತ್ತರ ಬಂತು. ಅವರು ಓದಿ ಖುಷಿಯಿಂದ ನನ್ನ ಕಡೆ ತಿರುಗಿಸಿದರು. "ನೋಡಿ ಮೇಡಂ, ಎಷ್ಟು ಚೆನ್ನಾಗಿ ಹೋಗಿದೆ."

ನೋಡಿದೆ. "ಗೆರೆ ಸ್ಪಷ್ಟವಾಗಿ ಬಂದಿದೆ. ಹಳೆಯ ಗಾಯ ಹಾಗೇ ಇದೆ, ಅದು ಹೋಗುವುದಿಲ್ಲ. ಹೊಸದೇನೂ ಇಲ್ಲ."